ಸಿನಿಮಾ ಒಳಗೇ ಇತ್ತು, ಕೀ ಬಂದಿರಲಿಲ್ಲ

ಎರಡು ವರ್ಷದ ಹಿಂದೆ ಒಂದು ಶುಕ್ರವಾರ ಸಂಜೆ ಕಲಬುರಗಿಯ ಚಿತ್ರಮಂದಿರವೊಂದರಲ್ಲಿ ನಾನು ಮತ್ತು ನನ್ನ ಸೋದರಮಾವ ಒಂದು ತಾಸು ಹತ್ತು ನಿಮಿಷ ಖಾಲಿ ಪರದೆ ನೋಡುತ್ತ ಕುಳಿತಿದ್ದೆವು. ಹೊಸ ಚಿತ್ರ ಬಿಡುಗಡೆಯಾದ ದಿನ ಅದು. ಜನ ಹೆಚ್ಚಾದರೆಂದು ಸಂಜೆಯ ಆಟಕ್ಕೆ ಇನ್ನೊಂದು ಪರದೆಯನ್ನೂ ಅದೇ ಚಿತ್ರಕ್ಕೆ ಕೊಟ್ಟಿದ್ದರು. ನಮ್ಮ ಟಿಕೆಟ್ ಆ ಎರಡನೆಯ ಪರದೆಯದು. ಜಾಹೀರಾತುಗಳು ಸರಾಗವಾಗಿ ಓಡಿ ಮುಗಿದವು, ಆಮೇಲೆ ಪರದೆ ಕಪ್ಪಾಯಿತು, ಸ್ವಲ್ಪ ಹೊತ್ತಿಗೆ ದೀಪಗಳು ಹತ್ತಿದವು. ಕರೆಂಟ್ ಹೋಗಿರಲಿಲ್ಲ, ಎ.ಸಿ. ತಣ್ಣಗೆ ಬೀಸುತ್ತಲೇ ಇತ್ತು. ಗೋಡೆಯ ಆಚೆಯ ಪರದೆಯಲ್ಲಿ ಅದೇ ಚಿತ್ರ ಆಗಲೇ ಓಡುತ್ತಿತ್ತು. ಅದರ ಹಾಡಿನ ಡೋಲಿನ ಪೆಟ್ಟು ಗೋಡೆ ದಾಟಿ ನಾವು ಕೈಯಿಟ್ಟ ಕುರ್ಚಿಯ ಹಿಡಿಕೆಯವರೆಗೆ ಬರುತ್ತಿತ್ತು.

ಮಾಮಾ 38 ವರ್ಷ ಯಾದಗಿರಿಯ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಆಟ ನಿಂತಾಗ ಅವರಿಂದ ಸುಮ್ಮನೆ ಕೂಡುವುದು ಆಗುವುದಿಲ್ಲ. ಹತ್ತು ನಿಮಿಷ ನೋಡಿ ಎದ್ದು ಹೊರಗೆ ಹೋದರು, ನಾನೂ ಹಿಂದೆ ಹೋದೆ. ಕ್ಯಾಬಿನ್ನಿಗೆ ಹೋಗುವ ಮೆಟ್ಟಿಲಿನ ಹತ್ತಿರ ಒಬ್ಬ ಹುಡುಗ ಕಿವಿಗೆ ಒಂದು ಫೋನ್ ಹಿಡಿದು, ಇನ್ನೊಂದು ಫೋನಿನಲ್ಲಿ ಏನನ್ನೋ ನೋಡುತ್ತ ನಿಂತಿದ್ದ. ಅವನೇ ಆಪರೇಟರ್ ಎಂದು ಮಾಮಾ ಹೇಗೆ ಗುರುತಿಸಿದರೋ, ನೇರ ಅವನ ಬಳಿಗೇ ಹೋದರು.

“ಸಿನಿಮಾ ಬಂದಿಲ್ಲೇನು ತಮ್ಮಾ?”

“ಬಂದದ ಕಾಕಾ, ನಿನ್ನೇನೇ ಬಂದದ. ಮಶಿನ್ ಒಳಗೇ ಅದ.”

“ಮಶಿನ್ ಕೆಟ್ಟದೇನು?”

“ಇಲ್ರಿ, ಮಶಿನ್ ಛಲೋ ಅದ.”

“ಮತ್ತ?”

“ಕೀ ಬಂದಿಲ್ರಿ.”

ಮಾಮಾ ಮುಂದೆ ಏನೂ ಕೇಳಲಿಲ್ಲ. ಒಳಗೆ ಬಂದು ಕುಳಿತು, ಬಹಳ ಹೊತ್ತಿನ ಮೇಲೆ, ನನಗೆ ಹೇಳಿದಂತೆಯೂ ಅಲ್ಲ, ತಮಗೇ ಲೆಕ್ಕ ಒಪ್ಪಿಸಿಕೊಂಡಂತೆ ಅಂದರು: “ಸಿನಿಮಾನೂ ಅದ. ಮಶಿನೂ ಛಲೋ ಅದ. ಆಪರೇಟರೂ ಅದಾನ. ಆಟ ಇಲ್ಲ.” ಆ ನಾಲ್ಕು ಮಾತು ಅಂದಿನಿಂದ ನನ್ನ ತಲೆಯಲ್ಲಿ ಉಳಿದುಬಿಟ್ಟಿವೆ. ಫಿಲ್ಮ್ ಕಾಲದಲ್ಲಿ ಈ ನಾಲ್ಕು ಮಾತನ್ನು ಹೀಗೆ ಒಂದರ ಹಿಂದೆ ಒಂದು ಹೇಳಲು ಬರುತ್ತಿರಲಿಲ್ಲ. ಮೊದಲ ಮೂರು ಇದ್ದವೆಂದರೆ ಆಟ ಇದ್ದೇ ಇರುತ್ತಿತ್ತು.

ಯಾದಗಿರಿಯ ಕ್ಯಾಬಿನ್

ನಾನು ಹೈಸ್ಕೂಲು ಓದುವಾಗ, 1990ರ ಆಸುಪಾಸಿನಲ್ಲಿ, ಪ್ರತಿ ಬೇಸಿಗೆ ರಜೆಯನ್ನೂ ಯಾದಗಿರಿಯಲ್ಲಿ ಕಳೆಯುತ್ತಿದ್ದೆ. ಮಧ್ಯಾಹ್ನ ಅತ್ತೆ ಕಟ್ಟಿಕೊಟ್ಟ ರೊಟ್ಟಿ-ಪುಂಡಿಪಲ್ಯೆಯ ಗಂಟು ಹಿಡಿದು ಟಾಕೀಸಿಗೆ ಹೋದರೆ ರಾತ್ರಿಯ ಆಟ ಮುಗಿಯುವವರೆಗೆ ಕ್ಯಾಬಿನ್ನೇ ನನ್ನ ಮನೆ. ತಗಡಿನ ಮಾಳಿಗೆಯ ಕೆಳಗೆ, ಮೇ ತಿಂಗಳಲ್ಲಿ, ಎರಡು ಆರ್ಕ್ ದೀಪಗಳ ಜೊತೆ ಇರುವುದೆಂದರೆ ಏನೆಂದು ನಮ್ಮ ಕಡೆಯ ಬಿಸಿಲು ಕಂಡವರಿಗೆ ನಾನು ಹೇಳಬೇಕಾಗಿಲ್ಲ. ಎರಡು ಪ್ರೊಜೆಕ್ಟರುಗಳು, ಮೂಲೆಯಲ್ಲಿ ಗುಂಯ್‌ಗುಡುವ ರೆಕ್ಟಿಫೈಯರ್, ಕೈಯಿಂದ ತಿರುಗಿಸುವ ರಿವೈಂಡರ್ ಕೂರಿಸಿದ ಒಂದು ಮೇಜು, ಗೋಡೆಗೆ ತೂಗುಹಾಕಿದ ಮರಳಿನ ಕೆಂಪು ಬಕೆಟ್ಟುಗಳು. ಕಾರ್ಬನ್ನಿನ ಹೊಗೆ, ಮಶಿನ್ ಎಣ್ಣೆ ಮತ್ತು ಫಿಲ್ಮ್ ಅಂಟಿಸುವ ಸಿಮೆಂಟಿನ ಸಿಹಿ ಕಟುವಾಸನೆ ಮಾಮಾ ಅವರ ಅಂಗಿಯಿಂದ ಒಗೆದ ಮೇಲೂ ಹೋಗುತ್ತಿರಲಿಲ್ಲ.

ಚಿತ್ರ ರೈಲಿನಲ್ಲಿ ಬರುತ್ತಿತ್ತು, ತಗಡಿನ ಪೆಟ್ಟಿಗೆಯಲ್ಲಿ. ಹಿಂದಿ, ತೆಲುಗು ಚಿತ್ರಗಳು ಹೈದರಾಬಾದಿನಿಂದ, ಕನ್ನಡದವು ಬೆಂಗಳೂರಿನ ಗಾಂಧಿನಗರದಿಂದ. ಪೆಟ್ಟಿಗೆ ಬಿಚ್ಚಿದರೆ ಒಂದರ ಮೇಲೊಂದು ದುಂಡನೆಯ ಡಬ್ಬಿಗಳು, ಡಬ್ಬಿಗೊಂದು ರೀಲು, ರೀಲಿಗೆ ಸುಮಾರು ಸಾವಿರ ಅಡಿ. ಒಂದು ಅಡಿಗೆ 16 ಚಿತ್ರ, ಸೆಕೆಂಡಿಗೆ 24 ಚಿತ್ರ, ಅಂದರೆ ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷ ಓಡುತ್ತದೆ. ಎರಡನ್ನು ಅಂಟಿಸಿ ಒಂದು ಸ್ಪೂಲಿಗೆ ಸುತ್ತಿದರೆ ಇಪ್ಪತ್ತೆರಡು. ಎರಡೂವರೆ ತಾಸಿನ ಚಿತ್ರಕ್ಕೆ 13,500 ಅಡಿ, ನಾಲ್ಕು ಕಿಲೋಮೀಟರಿಗೂ ತುಸು ಹೆಚ್ಚು. ಅದರಲ್ಲಿ 2,16,000 ಬಿಡಿ ಬಿಡಿ ಚಿತ್ರಗಳು. ಈ ಗುಣಾಕಾರವನ್ನು ನನಗೆ ಮಾಮಾ ಕಲಿಸಿದ್ದು ರಿವೈಂಡರ್ ತಿರುಗಿಸುತ್ತ. ಶಾಲೆಯಲ್ಲಿ ಕಲಿತ ಗಣಿತ ಮರೆತುಹೋಗಿದೆ, ಇದು ಮರೆತಿಲ್ಲ.

ಫಿಲ್ಮನ್ನು ಮಶಿನ್ನಿಗೆ ಏರಿಸುವುದನ್ನು ಅವರು ಕಣ್ಣುಮುಚ್ಚಿಯೂ ಮಾಡಬಲ್ಲವರಾಗಿದ್ದರು. ಮೊದಲು ಫಿಲ್ಮಿನ ತುದಿಯನ್ನು ಕೆಳತುಟಿಗೆ ತಾಗಿಸುತ್ತಿದ್ದರು. ತುಟಿಗೆ ಅಂಟಿದ ಮಗ್ಗುಲು ಎಮಲ್ಷನ್ನಿನದು, ಅಂದರೆ ಚಿತ್ರ ಮೂಡಿರುವ ಲೇಪದ್ದು, ಅದು ದೀಪದ ಕಡೆಗೆ ಬರಬೇಕು, ಚಿತ್ರ ತಲೆಕೆಳಗಾಗಿರಬೇಕು. ಮೇಲಿನ ಸ್ಪೂಲಿನಿಂದ ಎಳೆದ ಫಿಲ್ಮು ಹಲ್ಲಿನ ಚಕ್ರದ ಮೇಲೆ ಹಾಯ್ದು, ಒಂದು ಸಡಿಲವಾದ ಕಮಾನಾಗಿ ಬಾಗಿ, ದೀಪದ ಬೆಳಕು ಹಾಯುವ ಗೇಟಿನೊಳಗೆ ಇಳಿಯುತ್ತಿತ್ತು. ಗೇಟಿನ ಕೆಳಗಿನ ಚಕ್ರ ಎಡೆಬಿಡದೆ ತಿರುಗುವುದಿಲ್ಲ. ನಾಲ್ಕು ಸೀಳಿನ ಒಂದು ಶಿಲುಬೆಯಂಥ ಗಾಲಿ ಅದನ್ನು ತಟಕ್ಕನೆ ಒಂದು ಚಿತ್ರದಷ್ಟು ಎಳೆದು ನಿಲ್ಲಿಸುತ್ತದೆ, ಮತ್ತೆ ಎಳೆದು ನಿಲ್ಲಿಸುತ್ತದೆ. ಎಳೆಯುವ ಹೊತ್ತಿಗೆ ಸರಿಯಾಗಿ ಶಟರಿನ ರೆಕ್ಕೆ ಬೆಳಕನ್ನು ಮರೆಮಾಡುತ್ತದೆ. ನಿಂತ ಚಿತ್ರವನ್ನೂ ಇನ್ನೊಂದು ರೆಕ್ಕೆ ಒಮ್ಮೆ ಮುಚ್ಚಿ ತೆರೆಯುವುದರಿಂದ ಸೆಕೆಂಡಿಗೆ 48 ಸಲ ಪರದೆ ಬೆಳಗುತ್ತದೆ. ಎರಡೂವರೆ ತಾಸಿನ ಚಿತ್ರದಲ್ಲಿ ಒಂದು ತಾಸಿನಷ್ಟಾದರೂ ನಾವು ಕತ್ತಲೆಯನ್ನೇ ನೋಡಿರುತ್ತೇವೆ, ನಮ್ಮ ಕಣ್ಣಿಗೆ ಮಾತ್ರ ಅದರ ಅರಿವಿಲ್ಲ. ಗೇಟಿನ ಮೇಲೊಂದು ಕೆಳಗೊಂದು ಇರುವ ಆ ಸಡಿಲ ಕಮಾನುಗಳಿಗೆ ಲೂಪ್ ಎನ್ನುತ್ತಾರೆ. ಅವು ಇಲ್ಲದಿದ್ದರೆ ಒಂದೇ ಸಮ ಓಡುವ ಚಕ್ರಕ್ಕೂ ತಡೆತಡೆದು ಓಡುವ ಚಕ್ರಕ್ಕೂ ನಡುವೆ ಸಿಕ್ಕಿ ಫಿಲ್ಮು ಹರಿಯುತ್ತದೆ. ಲೂಪ್ ಎಷ್ಟು ದೊಡ್ಡದಿರಬೇಕೆಂದು ಮಾಮಾ ಎರಡು ಬೆರಳು ಒಳಗೆ ತೂರಿಸಿ ಅಳೆಯುತ್ತಿದ್ದರು.

ದೀಪ ಎಂದರೆ ಎರಡು ಕಾರ್ಬನ್ ಕಡ್ಡಿಗಳು. ಒಂದಕ್ಕೊಂದು ತಾಗಿಸಿ ಹಿಂದಕ್ಕೆಳೆದರೆ ನಡುವೆ ಕಣ್ಣು ಕುಕ್ಕುವ ಬಿಳಿಯ ಬೆಂಕಿ. ಕಡ್ಡಿಗಳು ಸವೆಯುತ್ತ ಹೋದಂತೆ ಅಂತರ ಹೆಚ್ಚುತ್ತದೆ, ಅವನ್ನು ತಿರುಪಿನಿಂದ ಹತ್ತಿರ ತರುತ್ತಲೇ ಇರಬೇಕು. ನೇರ ನೋಡುವಂತಿಲ್ಲವಾದ್ದರಿಂದ ದೀಪದ ಪೆಟ್ಟಿಗೆಯ ಪಕ್ಕದ ಒಂದು ಸಣ್ಣ ತೂತಿನಿಂದ ಆ ಬೆಂಕಿಯ ಬಿಂಬ ಒಂದು ರಟ್ಟಿನ ಮೇಲೆ ಬೀಳುವಂತೆ ಮಾಡಿದ್ದರು. ರಟ್ಟಿನ ಮೇಲೆ ಪೆನ್ಸಿಲಿನ ಎರಡು ಗೆರೆ. ಬಿಂಬದ ತುದಿಗಳು ಆ ಗೆರೆಯಲ್ಲಿರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಧ್ವನಿಯ ಪರೀಕ್ಷೆ ಇನ್ನೂ ಸುಲಭ. ಫಿಲ್ಮಿನ ಅಂಚಿನ ಸಣ್ಣ ಪಟ್ಟಿಯನ್ನು ಹಾಯ್ದು ಬಂದ ಬಲ್ಬಿನ ಬೆಳಕು ಹೆಚ್ಚುಕಡಿಮೆಯಾಗುವುದನ್ನು ಫೋಟೋಸೆಲ್ ಶಬ್ದವಾಗಿಸುತ್ತದೆ. ಆಟಕ್ಕೆ ಮುಂಚೆ ಆ ಬೆಳಕಿಗೆ ಒಂದು ಬೀಡಿಕಟ್ಟಿನ ಕಾಗದ ಅಡ್ಡ ಹಿಡಿದು ತೆಗೆದರೆ ಕೆಳಗೆ ಹಾಲಿನಲ್ಲಿ ಟಪ್ ಟಪ್ ಎಂದು ಸ್ಪೀಕರ್ ಮಾತಾಡುತ್ತಿತ್ತು. ಬೆಳಕು ತಡೆದರೆ ಶಬ್ದ ಎಂಬುದನ್ನು ನಾನು ಕಾಗದದ ತುಂಡಿನಿಂದ ತಿಳಿದೆ. ಮುಂದೆ ಎಲೆಕ್ಟ್ರಾನಿಕ್ಸ್ ಓದಿದಾಗ ಪುಸ್ತಕದಲ್ಲಿ ಅದನ್ನೇ ಓದಿ ಹಳೆಯ ಗೆಳೆಯ ಸಿಕ್ಕಷ್ಟು ಸಂತೋಷವಾಯಿತು.

ಒಂದು ಸ್ಪೂಲ್ ಮುಗಿದು ಪಕ್ಕದ ಮಶಿನ್ನಿಗೆ ದಾಟುವಾಗ ಪರದೆಯ ಬಲಮೇಲ್ಮೂಲೆಯಲ್ಲಿ ಒಂದು ಚುಕ್ಕಿ ಮಿಂಚುತ್ತದೆ. ಆಗ ಎರಡನೆಯ ಮಶಿನ್ ಚಾಲೂ ಮಾಡಬೇಕು. ಏಳೆಂಟು ಸೆಕೆಂಡಿನ ಮೇಲೆ ಇನ್ನೊಂದು ಚುಕ್ಕಿ. ಆಗ ಬೆಳಕು ಬದಲಿಸಬೇಕು. ಪ್ರಿಂಟು ಹಳೆಯದಾದಂತೆ ತುದಿಗಳು ಹರಿದು ಲ್ಯಾಬಿನವರು ಹಾಕಿದ ಚುಕ್ಕಿಗಳು ಹೋಗಿಬಿಡುತ್ತಿದ್ದವು, ಆಗ ಆಯಾ ಊರಿನ ಆಪರೇಟರುಗಳು ಸೂಜಿಯಿಂದ ತಮ್ಮದೇ ಗುರುತು ಗೀರುತ್ತಿದ್ದರು. ಒಬ್ಬರು ಗುಣಾಕಾರದ ಚಿಹ್ನೆ ಹಾಕಿದರೆ ಇನ್ನೊಬ್ಬರದು ಒಂದು ಅಡ್ಡಗೆರೆ. ರೀಲು ಸುತ್ತುವಾಗ ಅವನ್ನು ಬೆಳಕಿಗೆ ಹಿಡಿದು, ಇದು ಸೇಡಮ್ಮಿನವರ ಕೈ, ಇದು ರಾಯಚೂರಿನವರದು ಎಂದು ಮಾಮಾ ಹೇಳುತ್ತಿದ್ದರು. ಆ ಆಪರೇಟರುಗಳಲ್ಲಿ ಹೆಚ್ಚಿನವರನ್ನು ಅವರು ಜೀವನದಲ್ಲಿ ಒಮ್ಮೆಯೂ ಕಂಡವರಲ್ಲ.

ಸೈಕಲ್ ಬರುವವರೆಗೆ

ಒಂದು ಬೇಸಿಗೆ, ತುಂಬ ಓಡಿದ ಒಂದು ಕನ್ನಡ ಚಿತ್ರದ ಒಂದೇ ಪ್ರಿಂಟನ್ನು ಊರಿನ ಎರಡು ಟಾಕೀಸುಗಳು ಹಂಚಿಕೊಂಡವು. ಇನ್ನೊಂದು ಟಾಕೀಸಿನಲ್ಲಿ ಆಟ ನಮ್ಮದಕ್ಕಿಂತ ಮುಕ್ಕಾಲು ತಾಸು ಮೊದಲು ಶುರು. ಅಲ್ಲಿ ಓಡಿ ಮುಗಿದ ಸ್ಪೂಲನ್ನು ಹಿಂದಕ್ಕೆ ಸುತ್ತಿ, ಡಬ್ಬಿಗೆ ಹಾಕಿ, ಸೈಕಲ್ಲಿನ ಕ್ಯಾರಿಯರಿಗೆ ಟ್ಯೂಬಿನಿಂದ ಬಿಗಿದು ಇಲ್ಲಿಗೆ ತರುವುದು ಮಾಮಾ ಅವರ ಹಿರಿಯ ಮಗನ ಕೆಲಸ. ಹಿಂದೆ ಡಬ್ಬಿ ಹಿಡಿದು ಓಡುವವನು ನಾನು. ಒಂದು ಭಾನುವಾರ ಸಂಜೆಯ ಆಟದಲ್ಲಿ, ಇಂಟರ್ವಲ್ಲಿನ ಮುಂದಿನ ರೀಲು ತರುವಾಗ, ಸೈಕಲ್ಲಿನ ಚೈನ್ ಕಳಚಿ ಹಲ್ಲಿನ ನಡುವೆ ಸಿಕ್ಕಿಕೊಂಡಿತು. ಅಣ್ಣ ಎಳೆದ, ಬರಲಿಲ್ಲ. ಸೈಕಲ್ ಅಲ್ಲೇ ಒಂದು ಪಾನಂಗಡಿಗೆ ಒರಗಿಸಿ ಇಬ್ಬರೂ ಡಬ್ಬಿಯನ್ನು ಎರಡೂ ಕಡೆ ಹಿಡಿದು ಓಡಿದೆವು.

ನಾವು ಮುಟ್ಟುವ ಹೊತ್ತಿಗೆ ಹಾಲಿನಲ್ಲಿ ದೀಪ ಹತ್ತಿಸಿ ಆರು ನಿಮಿಷವಾಗಿತ್ತು. ಸಿಳ್ಳೆ, ಕುರ್ಚಿ ಬಡಿಯುವ ಸಪ್ಪಳ ಹೊರಗಿನ ರಸ್ತೆಗೇ ಕೇಳುತ್ತಿತ್ತು. ಗೇಟ್‌ಕೀಪರ್ ಪರದೆಯ ಮುಂದೆ ನಿಂತು, “ಸೈಕಲ್ ಬರ್ಲಿಕತ್ತದ, ಸೈಕಲ್ ಬರ್ಲಿಕತ್ತದ!” ಎಂದು ಕೂಗುತ್ತಿದ್ದ. ನಾವು ಬೆವರಿನಲ್ಲಿ ತೊಯ್ದು ಡಬ್ಬಿ ಹೊತ್ತು ಪಕ್ಕದ ಬಾಗಿಲಿನಿಂದ ಓಡುತ್ತ ಒಳಗೆ ಬಂದಾಗ ಇಡೀ ಹಾಲು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಒಬ್ಬರು ಎದ್ದು ಬಂದು ಮೆಟ್ಟಿಲಿನವರೆಗೆ ಡಬ್ಬಿಗೆ ಕೈಕೊಟ್ಟರು. ಮಾಮಾ ಏನೂ ಬೈಯಲಿಲ್ಲ, ತುಟಿಗೆ ತಾಗಿಸಿದರು, ಏರಿಸಿದರು, ಒಂದು ನಿಮಿಷದೊಳಗೆ ಚಿತ್ರ ಓಡತೊಡಗಿತು.

ಆ ಸಂಜೆಯನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಆಟ ನಿಂತದ್ದು ಅಂದೂ ನಿಂತದ್ದೇ, ಕಲಬುರಗಿಯಲ್ಲಿ ನಿಂತದ್ದೂ ನಿಂತದ್ದೇ. ಆದರೆ ಯಾದಗಿರಿಯ ಹಾಲಿನಲ್ಲಿ ಕುಳಿತ ಪ್ರತಿಯೊಬ್ಬರಿಗೂ ಯಾಕೆ ನಿಂತಿದೆ ಎಂಬುದು ಗೊತ್ತಿತ್ತು. ಸೈಕಲ್ ಏನೆಂದು ಗೊತ್ತಿತ್ತು, ಚೈನ್ ಕಳಚುವುದು ಗೊತ್ತಿತ್ತು, ಆ ರಸ್ತೆ ಎಷ್ಟು ದೂರವೆಂದು ಗೊತ್ತಿತ್ತು. ಫಿಲ್ಮ್ ಕಟ್ಟಾದರೂ ಹಾಗೆಯೇ: ಪರದೆಯ ಮೇಲೆ ಬಿಳಿ ಬೆಳಕು ಬೀಳುತ್ತಲೇ ‘ಕಟ್ಟಾಯ್ತು’ ಎಂದು ಹಿಂದಿನ ಸಾಲಿನವರೆಗೆ ಎಲ್ಲರೂ ಅನ್ನುತ್ತಿದ್ದರು. ಮಾಮಾ ಬ್ಲೇಡಿನಿಂದ ಎರಡು ತುದಿ ನೇರ ಕತ್ತರಿಸಿ, ಒಂದರ ಎಮಲ್ಷನ್ ಕೆರೆದು, ಸಿಮೆಂಟ್ ಹಚ್ಚಿ, ತೂತಿಗೆ ತೂತು ಸೇರಿಸಿ ಒತ್ತಿ ಹಿಡಿಯುತ್ತಿದ್ದರು. ನಾನು ಸರಳತೆ ಎನ್ನುವಾಗ ಹೇಳುತ್ತಿರುವುದು ಇದನ್ನೇ. ಫಿಲ್ಮಿನ ಮಶಿನ್ನಿನಲ್ಲಿ ಭಾಗಗಳು ಕಡಿಮೆ ಇರಲಿಲ್ಲ, ಅದನ್ನು ನಡೆಸುವುದು ಸುಲಭವೂ ಇರಲಿಲ್ಲ. ಆದರೆ ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು, ಕಂಡದ್ದು ಕೈಗೆ ಎಟುಕುತ್ತಿತ್ತು, ಕೈಯಿಟ್ಟು ಸರಿಮಾಡಬಲ್ಲವರು ಊರಿನಲ್ಲೇ ಇರುತ್ತಿದ್ದರು.

66 ಲಕ್ಷ ಕನ್ನಡಿ

ಡಿಜಿಟಲ್ ಪ್ರೊಜೆಕ್ಟರಿನ ಒಳಗನ್ನು ಓದಿ ತಿಳಿದಾಗ ನನಗೆ ಮೊದಲು ಆದದ್ದು ಬೆರಗು, ಈಗಲೂ ಆ ಬೆರಗು ಹೋಗಿಲ್ಲ. 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ ಕಂಡುಹಿಡಿದ ಒಂದು ಚಿಪ್ಪು ಅದರ ಎದೆ. ಉಗುರಿಗಿಂತ ತುಸು ದೊಡ್ಡದಾದ ಆ ಚಿಪ್ಪಿನ ಮೇಲೆ, 2ಕೆ ಎಂದು ಕರೆಯುವ ಅಳತೆಯಲ್ಲಿ, ಅಡ್ಡಕ್ಕೆ 2048, ಉದ್ದಕ್ಕೆ 1080 ಕನ್ನಡಿಗಳು, ಒಟ್ಟು 22 ಲಕ್ಷ. ಕೆಂಪು, ಹಸಿರು, ನೀಲಿ ಬಣ್ಣಕ್ಕೆ ಒಂದೊಂದರಂತೆ ಮೂರು ಚಿಪ್ಪು, ಅಂದರೆ 66 ಲಕ್ಷ ಕನ್ನಡಿ. ಒಂದೊಂದೂ ಸೆಕೆಂಡಿಗೆ ಸಾವಿರಾರು ಸಲ ಆ ಕಡೆ ಈ ಕಡೆ ವಾಲುತ್ತ, ಬೆಳಕನ್ನು ಲೆನ್ಸಿನ ಕಡೆಗೆ ಕಳಿಸುತ್ತದೆ ಅಥವಾ ಬೇರೆಡೆಗೆ ತಿರುಗಿಸುತ್ತದೆ. ಎಷ್ಟು ಹೊತ್ತು ಈ ಕಡೆ, ಎಷ್ಟು ಹೊತ್ತು ಆ ಕಡೆ ಎಂಬುದರ ಮೇಲೆ ಆ ಚುಕ್ಕಿ ಪರದೆಯ ಮೇಲೆ ಎಷ್ಟು ಬೆಳಗಬೇಕೆಂಬುದು ನಿಲ್ಲುತ್ತದೆ. ಮಾಮಾ ಅವರ ಮಶಿನ್ನಿನಲ್ಲಿ ತಡೆತಡೆದು ಚಲಿಸುವ ಭಾಗ ಒಂದಿತ್ತು, ಇದರಲ್ಲಿ 66 ಲಕ್ಷ ಇವೆ.

ಚಿತ್ರಗಳೂ ಅಲ್ಲಿ ಬಿಡಿಬಿಡಿಯಾಗಿಯೇ ಇರುತ್ತವೆ ಎಂಬುದು ತಿಳಿದಾಗ ಮನಸ್ಸಿಗೆ ಹಿತವಾಯಿತು. ಹಾಲಿವುಡ್‌ನ ಏಳು ಸ್ಟುಡಿಯೋಗಳು 2002ರಲ್ಲಿ ಒಟ್ಟು ಸೇರಿ, 2005ರ ಜುಲೈಯಲ್ಲಿ ಡಿಜಿಟಲ್ ಸಿನಿಮಾದ ನಿಯಮಗಳನ್ನು ಹೊರತಂದವು. ಅದರಂತೆ ಪ್ರತಿಯೊಂದು ಫ್ರೇಮನ್ನೂ ಜೆಪೆಗ್ 2000 ಎಂಬ ವಿಧಾನದಲ್ಲಿ ಬೇರೆಯಾಗಿಯೇ ಒತ್ತಿ ಚಿಕ್ಕದಾಗಿಸುತ್ತಾರೆ. ಸೆಕೆಂಡಿಗೆ 24 ಚಿತ್ರ ಎಂಬ ಲೆಕ್ಕವೂ ಹಾಗೆಯೇ ಉಳಿದಿದೆ. ನಮ್ಮ ಸಣ್ಣ ಊರುಗಳಿಗೆ ಬಹುಪಾಲು ಬಂದದ್ದು ಇದಕ್ಕಿಂತ ಅಗ್ಗದ ವ್ಯವಸ್ಥೆ. 2005ರ ನಂತರ ಟಾಕೀಸುಗಳ ಮಾಳಿಗೆಯ ಮೇಲೆ ಡಿಶ್ ಕೂತಿತು, ಚಿತ್ರಗಳು ಉಪಗ್ರಹದಿಂದ ನೇರ ಸರ್ವರಿಗೆ ಇಳಿಯತೊಡಗಿದವು. ಪೆಟ್ಟಿಗೆಗಾಗಿ ರೈಲ್ವೆ ಸ್ಟೇಷನ್ನಿಗೆ ಹೋಗುವುದು ನಿಂತಿತು.

ಬೀಗದ ವಿಚಾರ ಇಲ್ಲಿಂದ ಶುರುವಾಗುತ್ತದೆ. ಸರ್ವರಿನಲ್ಲಿ ಇಳಿದ ಚಿತ್ರ ಗೂಢಲಿಪಿಯಲ್ಲಿರುತ್ತದೆ. ಅದನ್ನು ಬಿಡಿಸುವ ಕೀ ಬೇರೆಯಾಗಿ ಬರುತ್ತದೆ, ಅದಕ್ಕೆ ಕೆಡಿಎಂ (ಕೀ ಡೆಲಿವರಿ ಮೆಸೇಜ್) ಎನ್ನುತ್ತಾರೆ. ಆ ಕೀ ಒಂದು ಚಿತ್ರಕ್ಕೆ, ಒಂದು ಪರದೆಯ ಒಂದು ಮಶಿನ್ನಿಗೆ, ಇಂಥ ದಿನ ಇಷ್ಟು ಹೊತ್ತಿನಿಂದ ಇಂಥ ದಿನ ಇಷ್ಟು ಹೊತ್ತಿನವರೆಗೆ ಮಾತ್ರ. ಪಕ್ಕದ ಪರದೆಯ ಕೀ ಈ ಪರದೆಗೆ ನಡೆಯುವುದಿಲ್ಲ. ಮಶಿನ್ನಿನ ಒಳಗಿನ ಗಡಿಯಾರವನ್ನು ಆಪರೇಟರ್ ಬೇಕಾದ ಹಾಗೆ ತಿರುಗಿಸುವಂತಿಲ್ಲ. ಪ್ರೊಜೆಕ್ಟರಿಗೂ ಚಿತ್ರ ಬಿಡಿಸುವ ಬೋರ್ಡಿಗೂ ಒಂದು ನಂಟು ಹಾಕಿರುತ್ತಾರೆ, ತಂತ್ರಜ್ಞರು ಅದನ್ನು ‘ಮ್ಯಾರೇಜ್’ ಎಂದೇ ಕರೆಯುತ್ತಾರೆ. ಒಳಗಿನ ಬಾಗಿಲು ತೆರೆದರೆ ಚಿತ್ರ ನಿಲ್ಲುತ್ತದೆ. ಬೋರ್ಡು ಬದಲಾಯಿಸಿದರೆ ಆ ನಂಟನ್ನು ಅಧಿಕಾರವಿರುವ ತಂತ್ರಜ್ಞನೇ ಮತ್ತೆ ಹಾಕಿಕೊಡಬೇಕು. ಅಂದು ಕಲಬುರಗಿಯಲ್ಲಿ ಆದದ್ದು ಅದೇ. ಹಿಂದಿನ ವಾರ ಆ ಪರದೆಯ ಮಶಿನ್ನಿನಲ್ಲಿ ಒಂದು ಬೋರ್ಡು ಹೋಗಿತ್ತು, ಹೊಸದು ಹಾಕಿದ್ದರು. ಹೊಸ ಬೋರ್ಡಿನ ವಿವರ ಮುಟ್ಟಬೇಕಾದಲ್ಲಿಗೆ ಮುಟ್ಟಿರಲಿಲ್ಲ, ಹಾಗಾಗಿ ಬಂದ ಕೀ ಹಳೆಯ ಬೋರ್ಡಿನ ಹೆಸರಿನಲ್ಲಿತ್ತು. ಆ ಹುಡುಗ ಒಂದು ತಾಸು ಹೊತ್ತು ಬೇರೆ ಬೇರೆ ಊರುಗಳಿಗೆ ಫೋನ್ ಮಾಡಿದ. ಅವನಿಗೆ ಕೆಲಸ ಬರುತ್ತಿರಲಿಲ್ಲ ಎಂದಲ್ಲ. ಅವನು ಮಾಡಬಹುದಾದ ಕೆಲಸ ಆ ಕ್ಯಾಬಿನ್ನಿನೊಳಗೆ ಇರಲೇ ಇಲ್ಲ.

ಕಳ್ಳತನದ ಪ್ರತಿಗಳಿಂದ ಚಿತ್ರೋದ್ಯಮಕ್ಕೆ ಆದ ನಷ್ಟವನ್ನು ನಾನು ಕಡೆಗಣಿಸುತ್ತಿಲ್ಲ. ಕೋಟಿಗಟ್ಟಲೆ ಹಾಕಿದವರು ಬೀಗ ಹಾಕಿಕೊಳ್ಳಬೇಕಾದದ್ದೇ. ಫಿಲ್ಮ್ ಕಾಲದಲ್ಲೂ ಬೀಗವಿತ್ತು. ಪ್ರಿಂಟಿನ ಜೊತೆ ಹಂಚಿಕೆದಾರರ ಕಡೆಯ ಒಬ್ಬ ರೆಪ್ರೆಸೆಂಟೇಟಿವ್ ಬಂದು ಊರಿನಲ್ಲೇ ಉಳಿಯುತ್ತಿದ್ದರು. ಟಿಕೆಟ್ ಎಣಿಸುವುದು, ಪೆಟ್ಟಿಗೆ ಕಾಯುವುದು ಅವರ ಕೆಲಸ. ಎರಡು ಟಾಕೀಸಿನಲ್ಲಿ ಒಂದೇ ಪ್ರಿಂಟ್ ಓಡಿಸಲು ಒಪ್ಪಿಗೆ ಕೊಟ್ಟವರೂ ಅಂಥ ಒಬ್ಬ ರೆಪ್ರೆಸೆಂಟೇಟಿವ್. ಅವರು ಮಾಮಾ ಅವರ ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತ, ಎದುರಿಗಿದ್ದ ಜನರನ್ನು ನೋಡಿ ಒಪ್ಪಿದ್ದರು. ಬೀಗದ ಕೈ ಊರಿನಲ್ಲೇ ಇತ್ತು ಎಂಬುದಷ್ಟೇ ನನ್ನ ಮಾತು.

ನಮ್ಮ ಪಾಲಿಗೆ ಬಂದ ಪ್ರಿಂಟು

ಇಷ್ಟು ಬರೆದ ಮೇಲೆ ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ಅದು ಸುಳ್ಳಾಗುತ್ತದೆ, ಯಾಕೆಂದರೆ ಫಿಲ್ಮ್ ನಮ್ಮ ಕಡೆಯ ಪ್ರೇಕ್ಷಕರಿಗೆ ನ್ಯಾಯ ಮಾಡಿರಲಿಲ್ಲ. ಒಂದೊಂದು ಪ್ರಿಂಟಿಗೂ ದೊಡ್ಡ ಖರ್ಚು ಬೀಳುತ್ತಿದ್ದುದರಿಂದ ಎಣಿಸಿದಷ್ಟೇ ಪ್ರಿಂಟುಗಳನ್ನು ತೆಗೆಸುತ್ತಿದ್ದರು. ಅವು ಮೊದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಓಡಬೇಕು, ಅಲ್ಲಿ ಜನ ಕಡಿಮೆಯಾದ ಮೇಲೆ ಕಲಬುರಗಿ, ಬೀದರ್, ಆಮೇಲೆ ಯಾದಗಿರಿ, ಅದಕ್ಕೂ ಆಮೇಲೆ ಶಹಾಪುರ, ಸುರಪುರ, ಗುರುಮಠಕಲ್. ತಿಂಗಳುಗಳು ಕಳೆದಿರುತ್ತಿದ್ದವು. ನೂರಾರು ಸಲ ಮಶಿನ್ನಿನಲ್ಲಿ ಹಾಯ್ದು ಬಂದ ಫಿಲ್ಮಿನ ಮೇಲೆ ಗೀರುಗಳು ತುಂಬಿ, ಎಲ್ಲ ದೃಶ್ಯದಲ್ಲೂ ಮಳೆ ಸುರಿದಂತೆ ಕಾಣುತ್ತಿತ್ತು. ಕಟ್ಟಾದಲ್ಲೆಲ್ಲ ಒಂದೆರಡು ಫ್ರೇಮು ಹೋಗಿ, ಮಾತಿನ ನಡುವೆ ಪಾತ್ರಗಳು ಕುಪ್ಪಳಿಸುತ್ತಿದ್ದವು. ಒಂದು ಚಿತ್ರದಲ್ಲಿ ನಾವು ರೇಡಿಯೋದಲ್ಲಿ ಕೇಳಿ ಬಾಯಿಪಾಠ ಮಾಡಿದ ಹಾಡೇ ಇರಲಿಲ್ಲ. ಯಾವುದೋ ಊರಿನಲ್ಲಿ ಅದನ್ನು ಕತ್ತರಿಸಿಕೊಂಡಿದ್ದರು. ಆ ಹಾಡನ್ನು ನಾನು ಕಣ್ಣಿನಿಂದ ನೋಡಿದ್ದು ಇಪ್ಪತ್ತು ವರ್ಷದ ಮೇಲೆ, ಟಿ.ವಿ.ಯಲ್ಲಿ.

ಡಿಜಿಟಲ್ ಬಂದ ಮೇಲೆ ಬೆಂಗಳೂರಿನಲ್ಲಿ ಶುಕ್ರವಾರ ಬೆಳಿಗ್ಗೆ ಕಾಣುವ ಚಿತ್ರ ಯಾದಗಿರಿಯಲ್ಲೂ ಅದೇ ಬೆಳಿಗ್ಗೆ ಕಾಣುತ್ತದೆ. ನೂರನೆಯ ಆಟವೂ ಮೊದಲನೆಯ ಆಟದಷ್ಟೇ ಶುಭ್ರ. ಸಣ್ಣ ಊರಿನವರು ಉಳಿದದ್ದನ್ನು ತಿನ್ನಬೇಕು ಎಂಬ ಹಳೆಯ ಕ್ರಮವನ್ನು ಅದು ಮುರಿಯಿತು, ಇದು ಸಣ್ಣ ಮಾತಲ್ಲ. ಮಾಮಾ ಅವರ ಎದೆಯನ್ನು ವರ್ಷಗಟ್ಟಲೆ ಕಾರ್ಬನ್ ಹೊಗೆ ಸುಟ್ಟಿದೆ. ಚಳಿಗಾಲದಲ್ಲಿ ಅವರು ರಾತ್ರಿಯೆಲ್ಲ ಕೆಮ್ಮುವುದನ್ನು ಕೇಳುವಾಗ ಆ ದಿನಗಳು ಮರಳಿ ಬರಲಿ ಎಂದು ನನ್ನಿಂದ ಹೇಳಲಾಗುವುದಿಲ್ಲ.

ಆದರೂ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಪ್ರಿಂಟಿನ ಖರ್ಚು ಹೋಯಿತು, ಪರದೆಗೆ ಇಷ್ಟು, ವಾರಕ್ಕೆ ಇಷ್ಟು ಎಂದು ಡಿಜಿಟಲ್ ಸೇವೆಯ ಶುಲ್ಕ ಬಂತು. ಅದು ಹೆಚ್ಚಾಯಿತೆಂದು 2018ರ ಮಾರ್ಚ್‌ನಲ್ಲಿ ದಕ್ಷಿಣದ ಚಿತ್ರೋದ್ಯಮಗಳು ಹೊಸ ಚಿತ್ರಗಳ ಬಿಡುಗಡೆಯನ್ನೇ ನಿಲ್ಲಿಸಿದ್ದವು. ಇನ್ನು ಬಾಳಿಕೆಯ ಮಾತು. 35 ಮಿಲಿಮೀಟರ್ ಅಗಲ, ಚಿತ್ರವೊಂದಕ್ಕೆ ಎರಡೂ ಅಂಚಿನಲ್ಲಿ ನಾಲ್ಕು ನಾಲ್ಕು ತೂತು ಎಂಬ ಅಳತೆ 1890ರ ದಶಕದ್ದು. ನೂರು ವರ್ಷ ಅದು ಬದಲಾಗಲಿಲ್ಲ. ಅಜ್ಜನ ಕಾಲದ ರೀಲಿನ ತೂತುಗಳೂ ಮಾಮಾ ಅವರ ಮಶಿನ್ನಿನ ಹಲ್ಲಿಗೆ ಸರಿಯಾಗಿ ಕೂರುತ್ತಿದ್ದವು. ಮಶಿನ್ನೇ ಇಲ್ಲದಿದ್ದರೂ ಕಿಟಕಿಯ ಬೆಳಕಿಗೆ ಹಿಡಿದರೆ ಮುಖ ಕಾಣುತ್ತಿತ್ತು. 2007ರಲ್ಲಿ ಅಮೆರಿಕದ ಚಲನಚಿತ್ರ ಅಕಾಡೆಮಿ ಲೆಕ್ಕ ಹಾಕಿದಾಗ, ಒಂದು ಚಿತ್ರದ ಮೂಲಪ್ರತಿಯನ್ನು ಡಿಜಿಟಲ್ ರೂಪದಲ್ಲಿ ಕಾಪಿಡುವ ವಾರ್ಷಿಕ ಖರ್ಚು ಫಿಲ್ಮಿನಲ್ಲಿ ಕಾಪಿಡುವುದರ ಸುಮಾರು 11 ಪಟ್ಟು ಎಂದು ಕಂಡುಬಂತು. ಹಾರ್ಡ್ ಡಿಸ್ಕ್ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ, ಒಳಗಿದ್ದದ್ದನ್ನು ಹೊಸದಕ್ಕೆ ವರ್ಗಾಯಿಸುತ್ತಲೇ ಇರಬೇಕು. ಹಾಗೆ ವರ್ಗಾಯಿಸುತ್ತ ಕೂರಲು ಹಣವಿಲ್ಲದ ಸಣ್ಣ ನಿರ್ಮಾಪಕರ ಕನ್ನಡ ಚಿತ್ರಗಳ ಗತಿ ಏನೆಂಬುದು ನನ್ನನ್ನು ನಿಜವಾಗಿ ಕಾಡುತ್ತದೆ.

ಇಂಟರ್ವಲ್

ಅಂದು ಕೊನೆಗೂ ಕೀ ಬಂತು. ಆ ಹುಡುಗ ಪರದೆಯ ಮುಂದೆ ಬಂದು ಕೈಮುಗಿದು ತಡವಾದದ್ದಕ್ಕೆ ಕ್ಷಮೆ ಕೇಳಿದ. ಅರ್ಧ ಜನ ಟಿಕೆಟ್ಟಿನ ದುಡ್ಡು ವಾಪಸು ಪಡೆದು ಹೋಗಿಯಾಗಿತ್ತು. ಉಳಿದವರಿಗೆ ಕಾರಣ ಗೊತ್ತಿರಲಿಲ್ಲ, ಹೇಳಿದ್ದರೂ ಅವರಿಗೆ ಅದರ ರೂಪ ಕಾಣುತ್ತಿರಲಿಲ್ಲ. ಚಿತ್ರ ಶುರುವಾಯಿತು. ಅರ್ಧ ತಾಸು ಕಳೆದಿರಬಹುದು, ಮಾಮಾ ನನ್ನ ಕಿವಿಯಲ್ಲಿ, “ಫೋಕಸ್ ಹೋಗ್ಯಾದ ನೋಡು” ಎಂದರು. ನನಗೇನೂ ಕಾಣಲಿಲ್ಲ. “ನಾಯಕಿ ಕಣ್ಣಿನ ರೆಪ್ಪಿ ನೋಡು, ಮೊದಲ ಬಿಡಿಬಿಡಿ ಇದ್ದವು.” ನೋಡಿದೆ. ಹೌದು, ರೆಪ್ಪೆಗಳು ಒಂದಕ್ಕೊಂದು ಅಂಟಿದಂತೆ ಮಬ್ಬಾಗಿದ್ದವು.

ಇಂಟರ್ವಲ್ಲಿನಲ್ಲಿ ಇಬ್ಬರೂ ಮೆಟ್ಟಿಲು ಹತ್ತಿದೆವು. ಹುಡುಗನಿಗೆ ನಮ್ಮ ಗುರುತು ಸಿಕ್ಕಿ ಒಳಗೆ ಕರೆದ. ಕ್ಯಾಬಿನ್ ತಣ್ಣಗಿತ್ತು, ಯಾವ ವಾಸನೆಯೂ ಇರಲಿಲ್ಲ, ಫ್ಯಾನಿನ ಒಂದೇ ಸಮದ ಸದ್ದು. ಮಾಮಾ ಮಶಿನ್ನನ್ನು ಒಂದು ಸುತ್ತು ಬಂದು, ಮುಟ್ಟದೆ, ನೇರ ಕಿಂಡಿಯ ಗಾಜಿನ ಹತ್ತಿರ ಹೋಗಿ ನಿಂತರು. ಲೆನ್ಸು ಕಾವೇರಿದ ಮೇಲೆ ಫೋಕಸ್ ತುಸು ಸರಿಯುತ್ತದೆ, ಅದು ಹೊಸ ಮಶಿನ್ನಿನಲ್ಲೂ ತಪ್ಪಿಲ್ಲ ಎಂದು ನಾನು ಆ ಹುಡುಗನಿಗೆ ಮಾಮಾ ಯಾರು, ಏನು ಕೆಲಸದಲ್ಲಿದ್ದರು ಎಂಬುದರ ಜೊತೆಗೆ ಹೇಳಿದೆ. ಅವನು ತಕ್ಷಣ ಪೆಟ್ಟಿಗೆಯ ಪಕ್ಕದ ಗಾಜಿನ ಪಟ್ಟಿಯ ಮೇಲೆ ಒಂದು ಪುಟ ತೆರೆದು ಬೆರಳಿಟ್ಟು ಸಿದ್ಧನಾದ. ಪರದೆಯ ಮೇಲೆ ಯಾವುದೋ ಸೀರೆ ಅಂಗಡಿಯ ಜಾಹೀರಾತಿನ ಕನ್ನಡ ಅಕ್ಷರಗಳಿದ್ದವು.

“ಆ ಒತ್ತಕ್ಷರ ನೋಡಿ ಹೇಳ್ತೀನಿ ತಮ್ಮಾ. ಒತ್ತು.”

ಹುಡುಗ ಒತ್ತಿದ.

“ಇನ್ನೊಂದೀಟು. ಮತ್ತೊಂದೀಟು. ಹಾಂ, ದಾಟ್ತು, ಹಿಂದಕ್ಕ ಬಾ.”

ಹುಡುಗ ಒಂದು ಸಲ ಹಿಂದಕ್ಕೆ ಒತ್ತಿ, ತಾನೂ ಬಂದು ಕಿಂಡಿಯಲ್ಲಿ ಮಾಮಾ ಅವರ ಭುಜದ ಪಕ್ಕ ತಲೆ ತೂರಿಸಿ ನೋಡಿದ. ನನಗೆ ಜಾಗವಿರಲಿಲ್ಲ. ಕೆಳಗೆ ದೀಪಗಳು ಆರಿದವು, ಜಾಹೀರಾತು ಮುಗಿದು ಚಿತ್ರದ ಎರಡನೆಯ ಭಾಗ ಶುರುವಾದ ಸದ್ದು ಕೇಳಿತು, ಅವರಿಬ್ಬರೂ ಅಲ್ಲಿಂದ ಕದಲಲಿಲ್ಲ.